ರಾಮದುರ್ಗದಿಂದ ಬರಬೇಕಾಗಿದ್ದ ಜವಾಬು

ಹೋದ ತಿಂಗಳು ಸೋದರತ್ತೆಯ ಮೊಮ್ಮಗನ ಮುಂಜಿವೆಗೆಂದು ಬೈಲಹೊಂಗಲಕ್ಕೆ ಹೋಗಿದ್ದೆ. ಊಟ ಮುಗಿದ ಮೇಲೆ ಹೆಂಗಸರಿಗೆಲ್ಲ ಒಳಗಿನ ಖೋಲಿಯಲ್ಲಿ ಹೊಸ ಗಾದಿ ಹಾಸಿಕೊಟ್ಟರು. ತಲೆ ಇಟ್ಟೆ, ಅಷ್ಟೇ. ಆಗತಾನೆ ಹಿಂಜಿದ ಹತ್ತಿಯ ವಾಸನೆ. ಸ್ವಲ್ಪ ಧೂಳು, ಸ್ವಲ್ಪ ಬಿಸಿಲು, ಬಂದೂ ಬಾರದ ಒಂದು ಸೀನು. ನಾನು ಎದ್ದು ಕೂತುಬಿಟ್ಟೆ. ಪಕ್ಕದಲ್ಲಿ ಮಲಗಿದ್ದ ನಮ್ಮ ವೈನಿ, ಅಣ್ಣನ ಹೆಂಡತಿ, "ಯಾಕ, ಹೋಳಿಗಿ ಭಾಳ ಆತೇನು?" ಅಂದರು. ಹೌದು ಅಂದೆ, ಇನ್ನೇನು ಹೇಳಲಿ. ಅದೇ ಹೊತ್ತಿಗೆ ಹೊರಗೆ ಒಂದು ಟ್ರ್ಯಾಕ್ಟರ್ ಹಾದುಹೋಯಿತು. ಅದರ ಸ್ಪೀಕರಿನಲ್ಲಿ ನಮ್ಮ ಹಾಡಿಗೆ ಯಾರೋ ಕಟ್ಟಿದ ಇನ್ನೊಂದು ಜವಾಬು ಬಡಿದುಕೊಳ್ಳುತ್ತಿತ್ತು. ಕಿಟಕಿಯ ಗಾಜು ನಡುಗಿತು. ಆ ಮೇಲೆ ನಿದ್ದೆ ಎಲ್ಲಿಂದ ಬರಬೇಕು.

ಇದೇ ಬೈಲಹೊಂಗಲದಲ್ಲಿ ಮೊದಲು ನಾನು ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದವಳು. ನಮ್ಮ ತಂದೆ ಪುರಾಣ ಹೇಳುವವರು. ನಮ್ಮ ಮನೆಯಲ್ಲಿ ಹಾಡು ಅಂದರೆ ಮೊದಲು ತಂಬೂರಿ ಕೂಡಿಸಬೇಕು, ಆಮೇಲೆ ಗಂಟಲು ಸರಿಮಾಡಿಕೊಳ್ಳಬೇಕು, ಅಷ್ಟರೊಳಗೆ ಅರ್ಧ ಸಭೆ ಎದ್ದು ಹೋಗಿರುತ್ತಿತ್ತು. ಅವರು ತೀರಿಕೊಂಡ ಮೇಲೆ ಮನೆ ಅಣ್ಣನ ಪಾಲಿಗೆ ಹೋಯಿತು. ನಾನು ಪೇಟೆಯಲ್ಲಿ ಹುಸೇನಸಾಬರ ಗಾದಿ ಅಂಗಡಿಯ ಮೇಲಿನ ಖೋಲಿ ಹಿಡಿದೆ. ಕೆಳಗೆ ಅವರು ಹತ್ತಿ ಹಿಂಜುತ್ತಿದ್ದರು, ಮೇಲೆ ನಾನು ಮಕ್ಕಳ ಕೈಯಲ್ಲಿ ಸರಿಗಮ ಹಿಂಜಿಸುತ್ತಿದ್ದೆ. ಯಾರ ಕೆಲಸದಿಂದ ಯಾರಿಗೆ ತ್ರಾಸು ಜಾಸ್ತಿ ಅನ್ನುವುದು ತೀರ್ಮಾನವಾಗಲೇ ಇಲ್ಲ.

ಒಂದು ಬೇಸಿಗೆಯಲ್ಲಿ ಮಾಂತೇಶ ಬಂದ. ಕಿತ್ತೂರಿನವನು, ಮದುವೆ ವಿಡಿಯೋ ತೆಗೆಯುವವನು. ಹೆದ್ದಾರಿಯ ಪಕ್ಕ ಅಂಗಡಿ ಇಟ್ಟಿದ್ದ. ಲಾರಿಗಳ ಸಪ್ಪಳದಲ್ಲಿ ಅಲ್ಲಿ ಏನೂ ರೆಕಾರ್ಡ್ ಆಗುವುದಿಲ್ಲ ಎಂದು ತಲೆ ಕೆಟ್ಟುಹೋಗಿತ್ತು. ಅವನ ತಂಗಿಯ ಲಗ್ನಕ್ಕೆ ಗಾದಿ ಹೊಲಿಸಲು ಹುಸೇನಸಾಬರ ಹತ್ತಿರ ಬಂದವನು ಗಾದಿಗಳ ನಡುವೆ ನಿಂತು ಒಂದು ಚಪ್ಪಾಳೆ ಹೊಡೆದನಂತೆ. ಚಪ್ಪಾಳೆಯ ಸಪ್ಪಳ ಅಲ್ಲೇ ಸತ್ತಿತು. ತಕ್ಷಣ ಮೇಲೆ ಬಂದು ನನ್ನ ಖೋಲಿಯ ಬಾಗಿಲಲ್ಲಿ ನಿಂತ.

"ಅಕ್ಕೋರ, ನಿಮ್ಮ ಖೋಲಿ ಮಧ್ಯಾಹ್ನ ಖಾಲಿ ಇರತೈತಲ್ಲ. ಗ್ವಾಡಿಗೆ ಗಾದಿ ಹಚ್ಚಿ ಇಲ್ಲಿ ಹಾಡು ಮಾಡೂನು ಅಂತೇನಿ."

"ಯಾವ ಹಾಡು? ಟ್ರ್ಯಾಕ್ಟರಿನಾಗ ಹಚ್ಚತಾರಲ್ಲ, ಅದೇನು?"

"ಅದನ್ನೂ ಮಾಡೂದು, ಬ್ಯಾರೇನೂ ಮಾಡೂದು. ಹಾಡವರು ಊರೂರಿಗೆ ಅದಾರ್ರಿ. ಮೈಕು ನನ್ನ ಕಡೆ ಐತಿ. ಒಂದು ಶಾಂತ ಜಾಗಾ ಇಲ್ಲ, ಅದ ಚಿಂತಿ."

ಬ್ಯಾಡಪ್ಪಾ ಅನ್ನಬೇಕು ಅಂತಲೇ ಬಾಯಿ ತೆಗೆದೆ. ಹುಸೇನಸಾಬರು ಕೆಳಗಿನಿಂದಲೇ, "ಗಾದಿ ನಾ ಕೊಡತೇನಿ ಬಾಯಾರ, ಇಲ್ಲಿ ಒಟ್ಟಿದ್ರೂ ಅಷ್ಟ, ಮ್ಯಾಲ ತೂಗು ಹಾಕಿದ್ರೂ ಅಷ್ಟ" ಅಂದುಬಿಟ್ಟರು. ಹಾಗೆ ಶುರುವಾಯಿತು.

ಗೋಡೆಗೆ ಹಗ್ಗ ಕಟ್ಟಿ ಗಾದಿ ಇಳಿಬಿಟ್ಟೆವು. ಆದರೆ ಅವು ಮಾರುವ ಗಾದಿ ಅನ್ನುವುದು ನಮ್ಮ ತಲೆಯಲ್ಲಿ ಇರಲಿಲ್ಲ. ಲಗ್ನದ ಸೀಸನ್ನಿನಲ್ಲಿ ಗಿರಾಕಿ ಬಂದಾಗಲೆಲ್ಲ ಹುಸೇನಸಾಬರು ಮೇಲೆ ಬಂದು ಒಂದು ಗೋಡೆ ಬಿಚ್ಚಿಕೊಂಡು ಹೋಗುತ್ತಿದ್ದರು. ಹಾಡಿನ ಮೊದಲ ನುಡಿ ಒಂದು ಥರ, ಎರಡನೇ ನುಡಿ ಬಾವಿಯಲ್ಲಿ ಹಾಡಿದ ಥರ. ಆ ಬೇಸಿಗೆಯ ಹಾಡುಗಳನ್ನು ಈಗ ಕೇಳಿದರೂ ಯಾವ ನುಡಿಯ ಹೊತ್ತಿಗೆ ಯಾರದೋ ಮಗಳ ಲಗ್ನ ನಿಕ್ಕಿಯಾಗಿತ್ತು ಅಂತ ನಾನು ಹೇಳಬಲ್ಲೆ. ಮಾಂತೇಶ ಹುಸೇನಸಾಬರ ಮೇಲೆ ಸಿಟ್ಟು ಮಾಡುತ್ತಿದ್ದ, ಅವರು ಹೊಸ ಗಾದಿ ತಂದು ಕಟ್ಟಿ ಸಮಾಧಾನ ಮಾಡುತ್ತಿದ್ದರು.

ಹಾಡುವವರು ಬರುತ್ತಾರೆಯೇ ಅನ್ನುವ ನನ್ನ ಅನುಮಾನ ಒಂದು ವಾರದಲ್ಲಿ ಮುರಿಯಿತು. ಗೊಬ್ಬರದ ಅಂಗಡಿಯಲ್ಲಿ ಚೀಟಿ ಬರೆಯುವವನು ಬಂದ, ಆಟೋ ಓಡಿಸುವವನು ಬಂದ, ಸಿರಸಂಗಿಯಿಂದ ಇಬ್ಬರು ಅಕ್ಕತಂಗಿಯರು ಬಸ್ಸು ಹತ್ತಿ ಬಂದರು. ಎಲ್ಲರ ಹತ್ತಿರವೂ ತಾವೇ ಕಟ್ಟಿದ ಹಾಡು. ಕೆಲವು ಕೇಳಲಾಗುತ್ತಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಕೆಲವು ಮಾತ್ರ ಕೇಳಿದ ಮೇಲೆ ರಾತ್ರಿ ಅಡಿಗೆ ಮಾಡುವಾಗ ನನ್ನ ಬಾಯಿಗೇ ಬರುತ್ತಿದ್ದವು. ನಾನು ಶ್ರುತಿ ತಿದ್ದುತ್ತಿದ್ದೆ, ಮಾಂತೇಶ ತಾಳ ಕೂಡಿಸಿ ತನ್ನ ಚಾನಲ್ಲಿಗೆ ಹಾಕುತ್ತಿದ್ದ. "ಅಕ್ಕೋರ, ಸ್ವಲ್ಪ ಬೀಟ್ ಜಾಸ್ತಿ ಮಾಡಲೇನು?" ಅಂತ ಅವನು, "ಕೈ ಮುಗೀತೇನಿ, ಬ್ಯಾಡ" ಅಂತ ನಾನು. ದಿನಾ ಇದೇ ಜಗಳ. ಸುಖವಾಗಿದ್ದೆ ನಾನು. ಆಗ ಅದು ಸುಖ ಅಂತ ಗೊತ್ತಿರಲಿಲ್ಲ, ದಗದ, ಬರೀ ಕೆಲಸ, ಅಂತ ತಿಳಿದಿದ್ದೆ.

ಮಳೆ ಹಿಡಿದ ಮೇಲೆ ಶಾಂತಕ್ಕ ಬಂದಳು.

ಶಾಂತಕ್ಕ ಸವದತ್ತಿ ಕಡೆಯವಳು, ನಾಗೇಶಿ ಹಾಡುವವಳು. ನಮ್ಮ ಕಡೆ ಗೀಗೀ ಮೇಳದವರು ಎರಡು ಪಕ್ಷ ಮಾಡಿಕೊಂಡು ಹಾಡುತ್ತಾರೆ. ಗಂಡು ಹೆಚ್ಚು ಅಂತ ಹಾಡುವವರು ಹರದೇಶಿ, ಹೆಣ್ಣು ಹೆಚ್ಚು ಅಂತ ಹಾಡುವವರು ನಾಗೇಶಿ. ಒಬ್ಬರು ಹಾಡಿನಲ್ಲಿ ಸವಾಲು ಹಾಕಿದರೆ ಇನ್ನೊಬ್ಬರು ಹಾಡಿನಲ್ಲೇ ಜವಾಬು ಕೊಡಬೇಕು. ಜವಾಬು ಬರುವವರೆಗೆ ಸವಾಲು ಹಾಕಿದವರು ಮುಂದಿನ ಪದಕ್ಕೆ ಹೋಗುವಂತಿಲ್ಲ. ಊರುಗಳಲ್ಲಿ ಸಿನಿಮಾ ಹಾಡಿನ ರಸಮಂಜರಿಯವರ ಬಣ್ಣದ ದೀಪ ಬಂದ ಮೇಲೆ ಇಂಥ ಮೇಳಗಳನ್ನು ಕರೆಯುವವರು ಕಡಿಮೆಯಾದರು. ಶಾಂತಕ್ಕ ಈಗ ಹೊಲಿಗೆ ಮಷಿನ್ನಿನ ಮುಂದೆ ಕೂತಿದ್ದಳು. ಮಾಂತೇಶ ಎಲ್ಲೋ ಮದುವೆಯಲ್ಲಿ ಆಕೆ ಸುಮ್ಮನೆ ಗುನುಗಿದ್ದನ್ನು ಕೇಳಿ ಹುಡುಕಿಕೊಂಡು ಹೋಗಿ ಕರೆತಂದಿದ್ದ.

ಕೊಡೆ ಮಡಚಿ ಮೂಲೆಗಿಟ್ಟು, ಬಟ್ಟೆ ಸುತ್ತಿದ ಚರ್ಮವಾದ್ಯ ದಪ್ಪನ್ನು ಕೆಳಗಿಳಿಸಿ, ತೊಯ್ದ ಸೆರಗು ಹಿಂಡಿಕೊಂಡು, ಗೋಡೆಯ ಗಾದಿಗಳನ್ನೆಲ್ಲ ಒಮ್ಮೆ ನೋಡಿ, "ಇದೇನು ಬಾಣಂತಿ ಖೋಲಿ ಮಾಡೀರಿ?" ಅಂದಳು. ಮಾಂತೇಶ ಚಹಾ, ಬಿಸ್ಕಿಟು ತಂದಿಟ್ಟ. ಆಕೆ ಮುಟ್ಟಲಿಲ್ಲ.

"ವೀಳ್ಯೆ ಎಲ್ಲೈತಿ?"

"ಏನ್ರಿ?"

"ಹಾಡಾಕ ಕರಸೀರಿ, ವೀಳ್ಯೆ ಕೊಡಬೇಕಲ್ಲ. ಊರವರು ಬಂದು ಎಲಿ ಅಡಕಿ ಕೈಯಾಗ ಇಟ್ಟು ಹಾಡ್ರಿ ಅಂದ ಮ್ಯಾಲ ನಾವು ದಪ್ಪ ಮುಟ್ಟೂದು. ಕರಿಲಾರದ ಬಾಯಿ ತಗದ್ರ ಏನು ಮರ್ಯಾದಿ ಉಳೀತು?"

"ಇಲ್ಲಿ ಊರವರು ಯಾರದಾರ್ರಿ? ನಾನು, ಅಕ್ಕೋರು, ಇಬ್ಬರ."

"ನೀವ ಊರವರು ಆಗ್ರಿ."

ನಾನು ಕೆಳಗಿಳಿದು ಹುಸೇನಸಾಬರ ಪಾನಿನ ಡಬ್ಬಿಯಿಂದ ಎರಡು ಎಲೆ, ಒಂದು ಅಡಿಕೆ ತಂದೆ. ಎಲೆ ಒಂದು ಕಡೆ ಬಾಡಿತ್ತು. ಶಾಂತಕ್ಕ ಎರಡೂ ಕೈ ಒಡ್ಡಿ ಇಸಿದುಕೊಂಡು ಕಣ್ಣಿಗೆ ಒತ್ತಿಕೊಂಡಳು. ಮಾಂತೇಶ ನಗು ತಡೆದುಕೊಂಡ. ನನಗೂ ನಗು ಬಂದಿತ್ತು. ಆಮೇಲೆ ಆಕೆ ದಪ್ಪಿನ ಮೇಲೆ ಬೆರಳು ಇಟ್ಟಳು, ನಮ್ಮ ನಗು ನಿಂತುಹೋಯಿತು.

ದನಿ ಮೊದಲ ಹುಟ್ಟಿತೊ ಕಿವಿ ಮೊದಲ ಹುಟ್ಟಿತೊ
ತಿಳಿದವರು ಹೇಳರಿ ಸಭೆಯೊಳಗ
ಕೇಳವರ ಇಲ್ಲದ ಕಾಲದಾಗ ಹಾಡಿದವ
ಯಾರಿಗಿ ಹಾಡಿದ ಮನದೊಳಗ

ಮಳೆಗೆ ಗಾದಿಯೆಲ್ಲ ತಂಪು ಹಿಡಿದು ಭಾರವಾಗಿದ್ದವು. ಆ ಖೋಲಿಯಲ್ಲಿ ಆವತ್ತಿನಷ್ಟು ಹತ್ತಿರದಿಂದ ಒಂದು ಗಂಟಲನ್ನು ನಾನು ಕೇಳಿರಲಿಲ್ಲ. ಹಾಡು ಮುಗಿದ ಮೇಲೆ ಮಾಂತೇಶ, "ಇದರ ಜವಾಬೂ ಹಾಡಿಬಿಡ್ರಿ, ಎರಡೂ ಕೂಡೇ ಹಾಕೂನು" ಅಂದ.

"ಜವಾಬು ನಂದಲ್ಲಪಾ. ಅದು ಬಾಳಪ್ಪಂದು."

ಹಾಗೆ ಬಾಳಪ್ಪನವರ ಹೆಸರು ನಮ್ಮ ಕಿವಿಗೆ ಬಿತ್ತು. ರಾಮದುರ್ಗದ ನೇಕಾರರು, ಹರದೇಶಿ ಹಾಡುವವರು. ಇವರಿಬ್ಬರೂ ಎಷ್ಟೋ ವರ್ಷ ಎದುರುಬದುರು ನಿಂತು ಹಾಡಿದವರು. ಕಟ್ಟೆಯ ಮೇಲೆ ಒಬ್ಬರನ್ನೊಬ್ಬರು ಹರಿದು ತಿನ್ನುವ ಹಾಗೆ ಜಗಳ, ಕೆಳಗಿಳಿದರೆ ಒಂದೇ ಬುತ್ತಿಯ ರೊಟ್ಟಿ. ಕಡೆಯ ಸಲ ಕೂಡಿದ್ದು ರಾಮದುರ್ಗದ ಕಡೆಯ ಒಂದು ಹಳ್ಳಿಯಲ್ಲಿ. ಇಳಿಹೊತ್ತಿಗೆ ಶಾಂತಕ್ಕ ಈ ಸವಾಲು ಹಾಕಿದಳಂತೆ. ಬಾಳಪ್ಪ ದಪ್ಪು ಎತ್ತಿಕೊಂಡರಂತೆ. ಅಷ್ಟರಲ್ಲಿ ಕಮಿಟಿಯವರು ಬಂದು, ರಸಮಂಜರಿಯವರು ಬಂದಾರ, ಸ್ಟೇಜ್ ಖಾಲಿ ಮಾಡ್ರಿ ಅಂದರಂತೆ.

"ಮೆಟ್ಟಲಾ ಇಳಕೋತ ಹೇಳಿದ, ಶಾಂತವ್ವ, ಜವಾಬು ನನ್ನ ಕಡೆ ಐತಿ, ಮುಂದಿನ ಸಲ ಅಂತ. ಮುಂದಿನ ಸಲ ಯಾವ ಊರವರೂ ಕರೀಲಿಲ್ಲ" ಅಂದಳು ಶಾಂತಕ್ಕ. "ಇದು ಫೋನಿನಾಗ ಬಂದ್ರ ಅವ ಕೇಳತಾನ. ಕೇಳಿದ್ರ ಸುಮ್ಮ ಕೂಡ್ರಾಂವ ಅಲ್ಲ ಅವ."

ಆಕೆ ಬಂದದ್ದು ಅದಕ್ಕೇ. ಚಾನಲ್ಲು, ಹೆಸರು, ಅದೆಲ್ಲ ಆಕೆಗೆ ಬೇಕಾಗಿರಲಿಲ್ಲ. ಅರ್ಧಕ್ಕೆ ನಿಂತ ಒಂದು ಹಾಡು ಪೂರ್ತಿ ಆಗಬೇಕಿತ್ತು. ಮಾಂತೇಶ ಹಾಡು ಹಾಕಿದ ದಿನವೇ ಬಾಳಪ್ಪನವರ ಮಗನ ನಂಬರು ಹುಡುಕಿ ಅವನ ಫೋನಿಗೂ ಕಳಿಸಿದ. "ನೋಡ್ಯಾರ್ರಿ, ನೀಲಿ ಗೆರಿ ಬಂದಾವು" ಅಂತ ಶಾಂತಕ್ಕನಿಗೆ ತೋರಿಸಿದ. ನೀಲಿ ಗೆರೆ ಅಂದರೇನು ಅಂತ ತಿಳಿದುಕೊಂಡು ಆಕೆ ಖುಷಿಯಾಗಿ ಬಸ್ಸು ಹತ್ತಿದಳು.

ಆಮೇಲೆ ಆದದ್ದು ನಾವ್ಯಾರೂ ಎಣಿಸಿರದ ಸಂಗತಿ. ಸವಾಲು ಕೇಳಿದ ಮೇಲೆ ಸುಮ್ಮನಿರುವುದು ನಮ್ಮ ಕಡೆಯವರ ಜಾಯಮಾನವಲ್ಲ. ಮೊದಲ ಜವಾಬು ಸವದತ್ತಿಯ ಕಾಲೇಜು ಹುಡುಗಿಯೊಬ್ಬಳಿಂದ ಬಂತು, ಗುಡ್ಡದ ಮೇಲೆ ಗಾಳಿಯಲ್ಲಿ ನಿಂತು ಹಾಡಿದ್ದಳು. ತಾಯಿಯ ಹೊಟ್ಟೆಯಲ್ಲಿ ಕೂಸು ಮೊದಲು ಕೇಳುತ್ತದೆ, ಆದ್ದರಿಂದ ಕಿವಿಯೇ ಮೊದಲು ಅಂತ ಆಕೆಯ ವಾದ. ಅದಕ್ಕೆ ಎದುರಾಗಿ ಕಿತ್ತೂರಿನ ಲಾರಿ ಡ್ರೈವರೊಬ್ಬ ಹಾರ್ನು ಬಾರಿಸಿ, ದನಿಯೇ ಮೊದಲು, ಕಿವಿ ಮುಚ್ಚಿಕೊಂಡದ್ದು ಆಮೇಲೆ ಅಂದ. ನವಿಲುತೀರ್ಥದಲ್ಲಿ ಡ್ಯಾಮಿನ ನೀರು ಬಿಟ್ಟಾಗ ಅದರ ಸಪ್ಪಳವನ್ನೇ ತಂಬೂರಿ ಮಾಡಿಕೊಂಡು ನಾಲ್ಕು ಜನ ಹಾಡಿದರು, ಅದನ್ನು ಕೇಳಿ ನಾನು ಕೈಯಲ್ಲಿದ್ದ ತಂಬೂರಿ ಕೆಳಗಿಟ್ಟೆ. ದಸರೆ ಕಳೆಯುವಷ್ಟರಲ್ಲಿ ಜವಾಬಿಗೆ ಜವಾಬು, ಅದಕ್ಕೊಂದು ಮರುಸವಾಲು. ಮುನವಳ್ಳಿಯಲ್ಲಿ ಒಬ್ಬ ತನ್ನ ಜೋಳದ ಚೀಲಗಳ ನಡುವೆ ಮೈಕು ಇಟ್ಟ. ರಾಮದುರ್ಗದಲ್ಲಿ ಸೀರೆ ಗಂಟುಗಳ ನಡುವೆ ಇಟ್ಟರು. ಎಲ್ಲೆಲ್ಲಿ ಮೆತ್ತಗಿನ ಸಾಮಾನು ಇತ್ತೋ ಅಲ್ಲೆಲ್ಲ ಒಂದೊಂದು ಸ್ಟುಡಿಯೋ. ಕಲಿಯಲು ನಮ್ಮ ಖೋಲಿಗೆ ಬರುತ್ತಿದ್ದರು. ಮಾಂತೇಶ ಯಾರಿಗೂ ಇಲ್ಲ ಅನ್ನಲಿಲ್ಲ, ಮೈಕು ಎಲ್ಲಿ ಇಡಬೇಕು ಅನ್ನುವುದರಿಂದ ಹಿಡಿದು ಎಲ್ಲ ಹೇಳಿಕೊಟ್ಟ. ಅವನ ಆ ಗುಣಕ್ಕೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ.

ಶಾಂತಕ್ಕ ವಾರಕ್ಕೊಮ್ಮೆ ಬರುತ್ತಿದ್ದಳು. ಗಾದಿಗೆ ಬೆನ್ನು ಕೊಟ್ಟು ಕೂತು ಬಂದ ಜವಾಬುಗಳನ್ನೆಲ್ಲ ಕೇಳುತ್ತಿದ್ದಳು. ಮೆಚ್ಚುತ್ತಿದ್ದಳು, ನಗುತ್ತಿದ್ದಳು, ಆ ಲಾರಿ ಡ್ರೈವರನ ಹಾಡನ್ನು ಎರಡೆರಡು ಸಲ ಹಚ್ಚಿಸುತ್ತಿದ್ದಳು. ಎಲ್ಲ ಮುಗಿದ ಮೇಲೆ, "ರಾಮದುರ್ಗದ್ದು?" ಅನ್ನುತ್ತಿದ್ದಳು.

"ಬಂದೈತ್ರಿ, ಮಗ್ಗದ ಹುಡುಗರದು."

"ಬಾಳಪ್ಪಂದು?"

"ಇನ್ನೂ ಇಲ್ರಿ."

ದೀಪಾವಳಿಯ ಹೊತ್ತಿಗೆ ಆ ಪ್ರಶ್ನೆ ಕೇಳುವಾಗ ಆಕೆ ನಮ್ಮ ಮುಖ ನೋಡುವುದನ್ನು ಬಿಟ್ಟಿದ್ದಳು. ನನಗೆ ತಡೆಯಲಾಗಲಿಲ್ಲ. "ಶಾಂತಕ್ಕಾರ, ಒಂದು ಫೋನ್ ಹಚ್ಚಿ ಕೇಳಿಬಿಡ್ರಿ. ಏನು ಅಡಚಣಿ ಅದನೋ ಏನೋ" ಅಂದೆ.

"ಸವಾಲು ಹಾಕಿದವರು ಜವಾಬು ಬೇಡಂಗಿಲ್ಲ ಅಕ್ಕೋರ. ಬೇಡಿದ್ರ ಸೋತಂಗ."

"ಇಲ್ಲಿ ಸೋಲು ಗೆಲುವು ಎಲ್ಲಿ ಬಂತು?"

"ನಿಮಗ ಇಲ್ಲ. ನಮಗ ಐತಿ. ಅವಗೂ ಐತಿ. ನಾ ಬೇಡಿದ್ರ ಅವಗ ನಾಚಿಕಿ ಆಗತೈತಿ."

ಆಕೆ ಮನಸ್ಸಿನಲ್ಲಿ ಏನು ತಿಳಿದುಕೊಂಡಿದ್ದಳೋ ಅದನ್ನು ಒಂದೇ ಸಲ ಹೇಳಿದ್ದು, ಹೊಲಿಗೆಯ ದಾರ ಹಲ್ಲಿನಿಂದ ಕಡಿಯುತ್ತ. "ಮುಪ್ಪು ಬಂತಲ್ಲ. ಮರೆತಿರಬೇಕು. ಇಲ್ಲಾ, ಜವಾಬು ಇರಲೇ ಇಲ್ಲೇನೋ. ಮೆಟ್ಟಲಾ ಇಳಿವಾಗ ಸುಮ್ಮ ಅಂದಾನ." ಇಷ್ಟು ಹೇಳಿ ಆ ಮಾತಿಗೆ ತಾನೇ ಬೇಸರ ಮಾಡಿಕೊಂಡು ಎದ್ದುಹೋದಳು.

ಇತ್ತ ಚಾನಲ್ಲಿನಲ್ಲಿ ಜನ ಮುಂದಿನ ಸವಾಲು ಯಾವಾಗ ಅಂತ ಪೀಡಿಸುತ್ತಿದ್ದರು. ಮಾಂತೇಶ ಒತ್ತಾಯ ಮಾಡಿದ. ಶಾಂತಕ್ಕ ಇದಕ್ಕೆ ಜವಾಬು ಬಾರದೆ ಮುಂದಿನ ಪದ ಎತ್ತುವುದಿಲ್ಲ ಅಂದಳು. ಊರೂರಿನಿಂದ ಜವಾಬು ಬಂದವಲ್ಲ ಅಂತ ಅವನು. ಅವು ಅವರವರ ಜವಾಬು ಅಂತ ಆಕೆ. ನಾನು ನಡುವೆ ಕೂತು ಒಮ್ಮೆ ಇವನ ಪಕ್ಷ, ಒಮ್ಮೆ ಆಕೆಯ ಪಕ್ಷ. ಇಬ್ಬರ ಮಾತೂ ಸರಿ ಅನ್ನಿಸುತ್ತಿತ್ತು, ಅದೇ ದೊಡ್ಡ ಸಂಕಟ. ಒಂದು ಚಳಿಯ ಮಧ್ಯಾಹ್ನ ಮಾಂತೇಶನ ತಾಳ್ಮೆ ಕೆಟ್ಟಿತು.

"ಹಂಗಾರ ಒಂದು ಮಾಡೂನು. ಯಾರ ಕಡಿಂದರ ಒಂದು ಜವಾಬು ಕಟ್ಟಿಸಿ, ಬಾಳಪ್ಪಜ್ಜಂದು ಅಂತ ಹೆಸರು ಹಾಕೂನು. ಅವರೇನು ಫೋನ್ ನೋಡತಾರನು?"

ಶಾಂತಕ್ಕ ಎದ್ದಳು. ದಪ್ಪನ್ನು ಬಟ್ಟೆಯಲ್ಲಿ ಸುತ್ತಿದಳು, ಗಂಟು ಹಾಕಿದಳು, ಮೆಟ್ಟಿಲು ಇಳಿದಳು. ಕೆಳಗೆ ಹುಸೇನಸಾಬರು ಚಹಾ ಕುಡಿದು ಹೋಗ್ರಿ ಅಂದದ್ದಕ್ಕೂ ನಿಲ್ಲಲಿಲ್ಲ. ಮಾಂತೇಶ ಕೆಟ್ಟವನಲ್ಲ. ಬಾಯಿಗೆ ಬಂದದ್ದು ಅಂದುಬಿಟ್ಟಿದ್ದ, ಅಂದ ಕ್ಷಣವೇ ಅವನ ಮುಖ ಸಣ್ಣದಾಗಿತ್ತು. ಆದರೆ ಹೋಗಿ ತಪ್ಪಾಯಿತು ಅನ್ನಲಿಲ್ಲ, ನನ್ನ ಮುಂದೆ ಕೂತು ಆಕೆಯದೇ ಹಟ ಅಂತ ವಾದ ಮಾಡಿದ. ಸಂಕ್ರಾಂತಿ ಆದ ಮೇಲೆ ಸವದತ್ತಿಯಲ್ಲಿ ಅವನ ಗೆಳೆಯರು ದೊಡ್ಡ ಸ್ಟುಡಿಯೋ ಹಾಕಿದರು, ಗೋಡೆಗೆ ಕರಿ ಬಣ್ಣದ ಫೋಮು, ಒಳಗೆ ಎಸಿ. ಅಲ್ಲಿಗೆ ಕರೆದರು, ಹೋದ. ಮೈಕು ಬಿಚ್ಚಿಕೊಂಡು ಹೋಗುವಾಗ, "ನೀವೂ ಬರ್ರಿ ಅಕ್ಕೋರ" ಅಂದ. ಗಾದಿ ಇಲ್ಲದ ಜಾಗದಲ್ಲಿ ನನಗೆ ಸೀನು ಬರುವುದಿಲ್ಲ, ಸೀನು ಬಾರದೆ ನನಗೆ ಹಾಡು ತಿಳಿಯುವುದಿಲ್ಲ ಅಂತ ಚಾಷ್ಟಿ ಮಾಡಿ ಕಳಿಸಿದೆ. ಅವನು ಹೋದ ಮೇಲೆ ಅತ್ತೆ. ಹುಸೇನಸಾಬರು ಗೋಡೆಯ ಗಾದಿಗಳನ್ನು ಒಂದೊಂದಾಗಿ ಮಾರಿದರು, ಹೊಸವು ತಂದು ಕಟ್ಟಲಿಲ್ಲ.

ಆ ಚಳಿಗಾಲದಲ್ಲಿ ಎಲ್ಲ ಕಡೆ ಹಾಡು ಬೆಳೆಯಿತು. ಆಟೋದಲ್ಲಿ, ಹೋಟೆಲಿನಲ್ಲಿ, ಗಿರಣಿಯಲ್ಲಿ ನಮ್ಮ ಊರುಗಳವರದೇ ದನಿ. ಹೊರಗಿನವರ ಹಾಡು ಕೇಳುತ್ತಿದ್ದ ಜನ ತಮ್ಮ ಓಣಿಯ ಹುಡುಗನ ಹಾಡು ಕೇಳಿದರು. ಅದು ಸಣ್ಣ ಮಾತಲ್ಲ, ನನಗೆ ಹೆಮ್ಮೆಯಿದೆ. ಆದರೆ ಬೀಟು ಏರುತ್ತಾ ಹೋಯಿತು, ಮಾತು ಕಡಿಮೆಯಾಗುತ್ತಾ ಹೋಯಿತು. ಶಾಂತಕ್ಕನ ಎರಡು ಸಾಲು ಉಳಿದವು, ಕೇಳವರ ಇಲ್ಲದ ಕಾಲದಾಗ ಅನ್ನುವ ಸಾಲನ್ನು ಎಲ್ಲರೂ ಬಿಟ್ಟುಬಿಟ್ಟರು, ಕುಣಿಯಲು ಬರುವುದಿಲ್ಲ ಅಂತ.

ಯುಗಾದಿಯ ಹತ್ತಿರ ಮಾಂತೇಶ ತಿರುಗಿ ಬಂದ. ಮೆಟ್ಟಿಲು ಹತ್ತಿದವನು ಬಾಗಿಲಲ್ಲೇ ನಿಂತ. ರಾಮದುರ್ಗಕ್ಕೆ ಯಾವುದೋ ಹಾಡಿನ ಶೂಟಿಂಗಿಗೆ ಹೋಗಿದ್ದನಂತೆ, ಮಗ್ಗದ ಮನೆ ಬೇಕು ಅಂತ ಕೇಳಿಕೊಂಡು ಹೋದಾಗ ಅದು ಬಾಳಪ್ಪನವರ ಮನೆಯೇ ಆಗಿತ್ತಂತೆ.

"ಅಜ್ಜಗ ಲಕ್ವಾ ಹೊಡದೈತ್ರಿ. ಹೋಳಿ ಹುಣ್ಣಿವಿ ಮುಂದ. ಮಾತು ಹೋಗೇತಿ."

"ಅಯ್ಯೋ ದೇವರೇ. ಅದಕ್ಕ ಮುಂಚೆ ಯಾಕ ಹಾಡಲಿಲ್ಲಂತ?"

ಅವನು ಚಪ್ಪಲಿ ಬಿಟ್ಟು ಒಳಗೆ ಬಂದು ಹೇಳಿದ. "ವೀಳ್ಯೆ ಬರಲಿಲ್ಲಂತ್ರಿ."

ಶಾಂತಕ್ಕನಿಗೆ ನಾವು ಹುಸೇನಸಾಬರ ಡಬ್ಬಿಯ ಬಾಡಿದ ಎಲೆ ಕೊಟ್ಟಿದ್ದೆವು. ರಾಮದುರ್ಗಕ್ಕೆ ಯಾರು ಕೊಡಬೇಕಿತ್ತು? ಮೇಳ ಕೂಡಿಸುವ ಊರವರು ಎರಡೂ ಪಕ್ಷಕ್ಕೆ ವೀಳ್ಯ ಕಳಿಸುತ್ತಾರೆ, ಹಾಡುವವರು ಒಬ್ಬರಿಗೊಬ್ಬರು ಕೊಡುವುದಿಲ್ಲ. ಫೋನಿನಲ್ಲಿ ಊರು ಎಲ್ಲಿದೆ, ಊರವರು ಯಾರು? ಮಾಂತೇಶ ನೀಲಿ ಗೆರೆ ನೋಡಿ ಮುಟ್ಟಿತು ಅಂದುಕೊಂಡ. ನಾನು ವೀಳ್ಯ ಅಂದರೆ ಆ ಒಂದು ಮಧ್ಯಾಹ್ನದ ಶಾಸ್ತ್ರ ಅಂದುಕೊಂಡೆ. ಶಾಂತಕ್ಕ, ತನಗೆ ಎಲೆ ಕೊಟ್ಟವರು ಅವನಿಗೂ ಕೊಟ್ಟೇ ಇರುತ್ತಾರೆ, ಅದನ್ನು ಕೇಳುವುದೇ ಅಪಮಾನ ಅಂತ ಬಾಯಿ ಮುಚ್ಚಿಕೊಂಡಿದ್ದಳು. ಬಾಳಪ್ಪ ಕಾಯುತ್ತ ಕೂತಿದ್ದರು. ಯಾರನ್ನು ಬೈಯಬೇಕು ಅಂತ ತಿಳಿಯದೆ ನಾನು ಮಾಂತೇಶನಿಗೆ ಚಹಾ ಇಟ್ಟೆ.

ಮರುದಿನ ನಾವಿಬ್ಬರೂ ಶಾಂತಕ್ಕನ ಮನೆಗೆ ಹೋದೆವು. ಆಕೆ ಎಲ್ಲ ಕೇಳಿದಳು. ಮಾಂತೇಶನ ಮೇಲೆ ಸಿಟ್ಟಿದ್ದರೂ ಅದನ್ನು ಆಗ ತೆಗೆಯಲಿಲ್ಲ. ಹೊಲಿಗೆ ಮಷಿನ್ನಿಗೆ ಮುಸುಕು ಹಾಕಿ, ಮುಖ ತೊಳೆದು, ದಪ್ಪನ್ನು ತೆಗೆದುಕೊಂಡು, "ಎಲಿ ತಗೊಂಡೀರನು?" ಅಂದಳು. ಪೇಟೆಯಲ್ಲಿ ಒಳ್ಳೆಯ ಎಳೆಯ ಎಲೆ ಆರಿಸಿ ಕೊಂಡೆ. ರಾಮದುರ್ಗದ ಬಸ್ಸಿನಲ್ಲಿ ಅವು ಬಾಡಬಾರದು ಅಂತ ಒದ್ದೆ ಕರವಸ್ತ್ರದಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡೆ.

ಬಾಳಪ್ಪನವರ ಮನೆಯಲ್ಲಿ ಮಗ್ಗ ನಡೆಯುತ್ತಿತ್ತು, ಕೂಗಿ ಮಾತಾಡಿದರೆ ಮಾತ್ರ ಕೇಳುವಷ್ಟು ಸಪ್ಪಳ. ಅವರು ಪಡಸಾಲೆಯ ಹೊರಸಿನ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಶಾಂತಕ್ಕನನ್ನು ನೋಡಿದ ಕೂಡಲೇ ಎಡಗಡೆಯ ಮುಖವಷ್ಟೇ ಅರಳಿತು. ಸೊಸೆ ಕಸ್ತೂರಿ ಚಂಬಿನಲ್ಲಿ ನೀರು ತಂದು ಕೊಟ್ಟಳು.

"ಮಾಮಾರು ಹಾಡು ಕೇಳ್ಯಾರ್ರಿ, ಬಂದ ದಿನಾನ ಕೇಳ್ಯಾರ. ವೀಳ್ಯೆ ಯಾರು ತಂದಾರ ಅಂದ್ರು. ಇದು ಫೋನಿನಾಗ ಬಂದೈತ್ರಿ ಅಂದ್ವಿ. ಬರತೈತಿ, ತಡಾ ಆದ್ರೂ ಬರತೈತಿ, ಬೈಲಹೊಂಗಲದವರು ಮರ್ಯಾದಿ ಬಿಡಂಗಿಲ್ಲ ಅಂತಿದ್ರು. ಬಾಗಲಾಗ ಗಾಡಿ ಸಪ್ಪಳ ಆದ್ರ ಸಾಕು, ನೋಡು ಅಂತಿದ್ರು."

ಶಾಂತಕ್ಕ ನೀರಿನ ಚಂಬು ಹಿಡಿದುಕೊಂಡೇ ಕೇಳಿದಳು. "ಜವಾಬು ಕಟ್ಟಿದ್ದನೇನವಾ?"

"ಕಟ್ಟ್ಯಾರ್ರಿ. ದಿನಾ ಹಾಡತಿದ್ರು. ನಮಗ ಗೊತ್ತಿಲ್ಲ. ಮಗ್ಗ ಚಾಲೂ ಇದ್ದಾಗ ಅದರ ಸಪ್ಪಳದಾಗ ಹಾಡೋರು, ಸಭಾಕ್ಕ ಮುಟ್ಟೋಕಿಂತ ಮೊದಲ ಮನಿಯವರ ಕಿವಿಗೂ ಬೀಳಬಾರದಂತ."

ಮಗ್ಗದಲ್ಲಿ ಕೂತಿದ್ದ ಗಂಡನಿಗೆ ಕಣ್ಣಲ್ಲೇ ಹೇಳಿ ಕಸ್ತೂರಿ ಮಗ್ಗ ನಿಲ್ಲಿಸಿದಳು. ಮನೆ ಒಮ್ಮೆಲೇ ಖಾಲಿಯಾದಂತೆ ಆಯಿತು. ನಾನು ಕರವಸ್ತ್ರ ಬಿಚ್ಚಿ ಎಲೆ ಅಡಿಕೆ ತೆಗೆದೆ. ಏನು ಹೇಳಬೇಕು ಅನ್ನುವುದು ಗೊತ್ತಿರಲಿಲ್ಲ. "ಬಾಳಪ್ಪನವರ, ಊರವರ ಪರವಾಗಿ ಬಂದೇನಿ. ಶಾಂತಕ್ಕಾರ ಸವಾಲು ಅದ. ನೀವು ಹಾಡಬೇಕು" ಅಂದೆ. ಅವರು ಎಡಗೈ ಮುಂದೆ ಮಾಡಿದರು, ತಟ್ಟನೆ ಹಿಂದಕ್ಕೆ ತೆಗೆದುಕೊಂಡರು. ಎಡಗೈಯಿಂದಲೇ ಬಲಗೈಯನ್ನು ಎತ್ತಿ, ಅದರ ಕೆಳಗೆ ಆಸರೆ ಕೊಟ್ಟು, ಎರಡೂ ಕೈ ಒಡ್ಡಿದರು. ವೀಳ್ಯ ಇಟ್ಟೆ. ಕಣ್ಣಿಗೆ ಒತ್ತಿಕೊಳ್ಳಲು ಕೈ ಮೇಲೆ ಬರಲಿಲ್ಲ, ತಲೆಯನ್ನೇ ಕೈಗೆ ಬಾಗಿಸಿದರು.

ಶಾಂತಕ್ಕ ನೆಲದ ಮೇಲೆ ಕೂತು ಸವಾಲನ್ನು ಮೊದಲಿನಿಂದ ಹಾಡಿದಳು, ಒಂದು ಸಾಲೂ ಬಿಡದೆ. ಮುಗಿಸಿ ದಪ್ಪನ್ನು ಅವರ ಕಡೆ ಸರಿಸಿದಳು. ಬಾಳಪ್ಪ ಎಡಗೈಯ ಬೆರಳಿನಿಂದ ಹೊರಸಿನ ಪಟ್ಟಿಯ ಮೇಲೆ ತಾಳ ಹಾಕಿದರು. ಹಾಡಿದರು.

ಧಾಟಿ ಸರಿಯಿತ್ತು. ತಾಳ ಒಂದು ಕಡೆಯೂ ತಪ್ಪಲಿಲ್ಲ. ಎಲ್ಲಿ ಏರಬೇಕೋ ಅಲ್ಲಿ ಏರಿದರು, ಎಲ್ಲಿ ಎಳೆಯಬೇಕೋ ಅಲ್ಲಿ ಎಳೆದರು. ಪಲ್ಲವಿ, ನುಡಿ, ಮತ್ತೆ ಪಲ್ಲವಿ, ಎಲ್ಲ ಇತ್ತು. ಮಾತು ಮಾತ್ರ ಇರಲಿಲ್ಲ. ನಾಲಿಗೆ ಒಂದು ಕಡೆಗೆ ಜಾರಿ, ಶಬ್ದಗಳೆಲ್ಲ ಕರಗಿ ಬರೀ ಸ್ವರವಾಗಿ ಹೊರಗೆ ಬರುತ್ತಿದ್ದವು. ನಾನು ಮುಂದೆ ಬಾಗಿ, ಕಣ್ಣು ಮುಚ್ಚಿ, ತುಟಿ ನೋಡಿ, ಏನೆಲ್ಲ ಮಾಡಿದೆ, ಒಂದು ಪದವಾದರೂ ಸಿಕ್ಕೀತು ಅಂತ. ಸಿಗಲಿಲ್ಲ. ಅವರಿಗೆ ಹಿಮ್ಮೇಳವಿರಲಿಲ್ಲ. ಎರಡನೇ ನುಡಿಗೆ ಅವರು ಉಸಿರು ತೆಗೆದುಕೊಂಡಾಗ ಶಾಂತಕ್ಕ ಎದುರು ಪಕ್ಷದವಳು ಅನ್ನುವುದನ್ನು ಬಿಟ್ಟು ಗೀ ಗೀ ಅಂತ ದನಿ ಕೂಡಿಸಿದಳು. ಅವರು ಒಮ್ಮೆ ಆಕೆಯ ಕಡೆ ನೋಡಿ ಮುಂದೆ ಹಾಡಿದರು, ಮೂರನೇ ನುಡಿಯಲ್ಲಿ ಅರ್ಧ ಮುಖದಲ್ಲೇ ಒಮ್ಮೆ ನಕ್ಕರು, ಕಡೆಯ ತನಕ ಹಾಡಿದರು.

ಜವಾಬು ಒಪ್ಪಿತೋ ಇಲ್ಲವೋ ಅಂತ ಸವಾಲು ಹಾಕಿದವರೇ ಹೇಳಬೇಕು. ಬಾಳಪ್ಪ ಬೆವರಿದ ಮುಖ ಎತ್ತಿ ಕಾಯುತ್ತಿದ್ದರು. ಶಾಂತಕ್ಕ ಎದ್ದು ನಿಂತಳು, ಸಭೆಯಲ್ಲಿ ನಿಲ್ಲುವ ಹಾಗೆ ಸೆರಗು ಸರಿ ಮಾಡಿಕೊಂಡಳು.

"ಜವಾಬು ಮುಟ್ಟೇತಿ ಬಾಳಪ್ಪ" ಅಂದಳು. "ನನ್ನ ಸವಾಲು ಇಳಸೇನಿ."

ಅವರು ಹಾಗೇ ಗೋಡೆಗೆ ಒರಗಿದರು. ನಾವು ಊಟ ಮಾಡಿಕೊಂಡೇ ಹೋಗಬೇಕು ಅಂತ ಕಸ್ತೂರಿ ಹಿಡಿದು ಕೂರಿಸಿದಳು. ಬಾಳಪ್ಪ ಶಾಂತಕ್ಕನ ತಾಟಿನಲ್ಲಿದ್ದ ರೊಟ್ಟಿಯ ಅರ್ಧ ಮುರಿದುಕೊಂಡರು.

ಬಸ್ಸಿನಲ್ಲಿ ಮಾಂತೇಶನನ್ನು ಕೇಳಿದೆ, "ರೆಕಾರ್ಡ್ ಮಾಡೀಯೇನು?" ಫೋನು ಇಡೀ ಹೊತ್ತು ಅವನ ಕೈಯಲ್ಲೇ ಇತ್ತು. "ಇಲ್ರಿ" ಅಂದ. "ಒತ್ತಾಕ ಬೆರಳು ಬರಲಿಲ್ಲ." ಆಮೇಲೆ ಅವನು ಶಾಂತಕ್ಕನ ಕಾಲು ಮುಟ್ಟಿದ. ಆಕೆ ಅವನ ತಲೆಯ ಮೇಲೆ ಒಂದು ಏಟು ಹಾಕಿ ಕಿಟಕಿಯ ಕಡೆ ತಿರುಗಿದಳು.

ಜೂನಿನಲ್ಲಿ ನಾನು ಬೆಳಗಾವಿಯ ಒಂದು ಶಾಲೆಯಲ್ಲಿ ಕೆಲಸ ಸಿಕ್ಕು ಊರು ಬಿಟ್ಟೆ. ಬಾಳಪ್ಪನವರು ಆ ಮಳೆಗಾಲ ದಾಟಲಿಲ್ಲ. ಹಾಡುವವರು ಈಗ ಊರೂರಿಗೆ ಇದ್ದಾರೆ. ಒಳ್ಳೆಯ ಸ್ಟುಡಿಯೋಗಳು ಇವೆ. ಮಾಂತೇಶನ ಹೆಸರು ಹೇಳಿದರೆ ಎದ್ದು ನಿಲ್ಲುವ ಹುಡುಗರಿದ್ದಾರೆ. ಮುಂಜಿವೆ ಮನೆಯ ಹೊರಗೆ ಹಾದುಹೋದ ಟ್ರ್ಯಾಕ್ಟರಿನಲ್ಲಿದ್ದ ಹಾಡನ್ನು ಕಟ್ಟಿದವನು ಸುಳ್ಳು ಹೇಳಿಲ್ಲ, ಶಾಂತಕ್ಕನ ಸವಾಲಿಗೆ ತನಗೆ ತಿಳಿದ ಜವಾಬನ್ನು ಪ್ರಾಮಾಣಿಕವಾಗಿ ಹೇಳಿದ್ದಾನೆ. ನನಗೆ ಮಾತ್ರ ಅಂಥ ಯಾವ ಜವಾಬೂ ಕಿವಿಯಿಂದ ಒಳಗೆ ಇಳಿಯುವುದಿಲ್ಲ.

ಆವತ್ತು ಸವದತ್ತಿಯ ಸ್ಟ್ಯಾಂಡಿನಲ್ಲಿ ಶಾಂತಕ್ಕ ಇಳಿಯುವ ಮುಂಚೆ ನಾನು ತಡೆಯಲಾರದೆ ಕೇಳಿದ್ದೆ. "ಶಾಂತಕ್ಕಾರ, ನಿಮಗರ ತಿಳೀತೇನು, ಅವರು ಏನಂದ್ರು?"

ಆಕೆ ದಪ್ಪನ್ನು ಕಂಕುಳಿಗೆ ಸಿಗಿಸಿಕೊಂಡು, ಬಾಗಿಲ ಕಂಬಿ ಹಿಡಿದು ಒಂದು ಕ್ಷಣ ನಿಂತಳು.

"ಒಂದಕ್ಷರಾನೂ ತಿಳೀಲಿಲ್ಲ ಅಕ್ಕೋರ. ಮೂರನೇ ನುಡಿಯಾಗ ಅವ ನಕ್ಕ ನೋಡ್ರಿ, ಅಲ್ಲೇ ಇತ್ತು ಜವಾಬು. ಎಲ್ಲಿತ್ತು ಅಂತ ಗೊತ್ತಾತು. ಏನಿತ್ತು ಅಂತ ಗೊತ್ತಾಗಲಿಲ್ಲ."